ಆರು ಅಂಕಿಯ ಜಾಗ

9 ಜನವರಿ 1995, ಸೋಮವಾರ

ಈ ದಿನಚರಿ ಪುಸ್ತಕ ಸಕ್ಕರೆ ಕಾರ್ಖಾನೆಯವರು ಹೊಸ ವರ್ಷಕ್ಕೆ ನೌಕರರಿಗೆ ಹಂಚಿದ್ದು. ಮೊದಲ ಪುಟದಲ್ಲಿ ಸಂಚಾಲಕ ಮಂಡಳಿಯ ಫೋಟೊ, ಆಮೇಲೆ ಕಬ್ಬಿನ ತಳಿಗಳ ಪಟ್ಟಿ. ಎಂಟು ದಿನ ಖಾಲಿ ಬಿಟ್ಟಿದ್ದೆ. ಇವತ್ತು ಎಲ್ಲಾದರೂ ಕಾರಿಕೊಳ್ಳದಿದ್ದರೆ ಅನ್ನ ಇಳಿಯುವುದಿಲ್ಲ. ಹೇಳಿಕೊಳ್ಳಲು ಯಾರೂ ಇಲ್ಲ, ಆದ್ದರಿಂದ ಬರೆಯುತ್ತೇನೆ.

ಬೆಳಿಗ್ಗೆ ಹದಿನೈದು ದಿನಕ್ಕೊಮ್ಮೆ ತೆಗೆಯುವ ಕಬ್ಬಿನ ವರದಿ ತೆಗೆಯುತ್ತಿದ್ದೆ. ಶಿರಗುಪ್ಪಿ ವಿಭಾಗದ ಬೇರೀಜು ಹಾಕುವಾಗ ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು ಬಂತು: ನ್ಯೂಮರಿಕ್ ಓವರ್‌ಫ್ಲೋ, ಡೇಟಾ ವಾಸ್ ಲಾಸ್ಟ್. ಅಂಕಿ ಉಕ್ಕಿ ಹೋಗಿದೆ, ಮಾಹಿತಿ ಕಳೆದಿದೆ. ಎಲ್ಲಿ ಉಕ್ಕಿತು, ಯಾರದು ಕಳೆಯಿತು ಎಂದು ಹೇಳುವಷ್ಟು ಸೌಜನ್ಯ ಅದಕ್ಕಿಲ್ಲ. ಅವಸರದಲ್ಲಿದ್ದೆ. ಗುಂಡಿ ಒತ್ತಿ ಮುಂದೆ ಹೋದೆ, ಕಾಗದ ಹರಿದು ಬಾಪುಸಾಹೇಬನ ಮೇಜಿಗೆ ಮುಟ್ಟಿಸಿದೆ.

ಬಾಪುಸಾಹೇಬ ನಮ್ಮ ಶೇತಕಿ, ಅಂದರೆ ಕೃಷಿ, ವಿಭಾಗದ ಅಧಿಕಾರಿ. ಯಾವ ರೈತನ ಕಬ್ಬು ಯಾವಾಗ ಕಡಿಯಬೇಕು, ಎಷ್ಟು ಬಂತು, ಎಲ್ಲ ಅವನ ಕೈಯಲ್ಲಿ. ಅರ್ಧ ಗಂಟೆಯೊಳಗೆ ಕರೆಸಿದ. ಕಬ್ಬಿನ ಗಾಡಿ ತೂಗುವ ಕಾಟಾದ ರಿಜಿಸ್ಟರಿನ ಒಟ್ಟು ಒಂದು, ನನ್ನ ವರದಿಯ ಒಟ್ಟು ಇನ್ನೊಂದು. ವ್ಯತ್ಯಾಸ ಹತ್ತು ಲಕ್ಷದ ಹದಿನಾಲ್ಕು ಸಾವಿರದ ಆರುನೂರ ಇಪ್ಪತ್ತು ಕಿಲೊ.

"ಏನಲೇ ಜ್ಞಾನದೇವ, ಸಾವಿರ ಟನ್ ಕಬ್ಬು ನಿನ್ನ ಡಬ್ಬಿ ನುಂಗೇತೇನ? ಕ್ಲರ್ಕ್ ಮಂದಿ ಕೈಲೆ ಬರಿಯಾಗ ಒಂದ ಮೂಟಿ ಹೆಚ್ಚುಕಮ್ಮಿ ಆಗ್ತಿದ್ದಿಲ್ಲ. ಕೋಟಾದಾಗ ಬಂದವ್ರಿಗೆ ಮಿಷಿನ್ ಕೊಟ್ರ ಹಿಂಗಽ."

ಹನ್ನೆರಡು ಜನ ಕುಳಿತಿದ್ದರು. ಒಬ್ಬನೂ ತಲೆ ಎತ್ತಲಿಲ್ಲ. ಕೋಟಾ ಎಲ್ಲಿಂದ ಬಂತು? ಎರಡು ಹಂಗಾಮಿನಿಂದ ದಿನಗೂಲಿ ಮೇಲೆ ದುಡಿಯುತ್ತಿದ್ದೇನೆ. ಬಿ.ಕಾಂ. ಪಾಸಾಗಿ, ನಿಪ್ಪಾಣಿಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು ಬಂದವನು ಈ ಇಡೀ ಕಾರ್ಖಾನೆಯಲ್ಲಿ ನಾನೊಬ್ಬನೇ. ಉತ್ತರ ಮಾತ್ರ "ಹೌದ್ರಿ ಸರ್" ಎಂದೇ ಬಂತು.

10 ಜನವರಿ, ಮಂಗಳವಾರ

ಸಿಕ್ಕಿತು. ಶಿರಗುಪ್ಪಿಯ ರಾವಸಾಹೇಬನ ಹೆಸರಿನ ಮುಂದೆ ಅಂಕಿಯೇ ಇಲ್ಲ, ಆರು ಚುಕ್ಕಿಗಳಿವೆ. ನಿನ್ನೆ ಯಾರೂ ನೋಡಿರಲಿಲ್ಲ.

ಕಬ್ಬಿನ ತೂಕಕ್ಕೆ ಫೈಲಿನಲ್ಲಿ ಆರು ಅಂಕಿ ಕೂರುವಷ್ಟು ಜಾಗ ಇಟ್ಟಿದ್ದೇನೆ. ಒಬ್ಬನ ಕಬ್ಬು ಒಂಬತ್ತು ಲಕ್ಷದ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಕಿಲೊ ದಾಟಿದರೆ ಏಳನೆಯ ಅಂಕಿಗೆ ಜಾಗ ಇಲ್ಲ. ಆಗ ಮಿಷಿನ್ ಇಡೀ ಸಂಖ್ಯೆಯನ್ನೇ ಹೊರಗೆ ಹಾಕಿ ಚುಕ್ಕಿ ತುಂಬುತ್ತದೆ. ಕೂಡಿಸುವಾಗ ಚುಕ್ಕಿಯ ಬೆಲೆ ಶೂನ್ಯ. ಎಲ್ಲರಿಗಿಂತ ಹೆಚ್ಚು ಕಬ್ಬು ಕಳಿಸಿದವನು ಏನೂ ಕಳಿಸದವನಾದ. ಒಬ್ಬನೇ ಕುಳಿತು ನಕ್ಕೆ.

ಆರು ಅಂಕಿ ಸಾಕು ಎಂದವನು ಬಾಪುಸಾಹೇಬನೇ. "ನಮ್ಮ ಕಡೆ ಯಾರದೂ ಸಾವಿರ ಟನ್ ಆಗಂಗಿಲ್ಲೋ, ಕಾಗದದಾಗ ಜಾಗಾ ಉಳಸು" ಅಂದಿದ್ದ. ಮಾಡಿದವನು ನಾನು. ಅಷ್ಟು ತಪ್ಪು ನನ್ನದು, ಒಪ್ಪುತ್ತೇನೆ.

12 ಜನವರಿ, ಗುರುವಾರ

ಜಾಗವನ್ನು ಎಂಟು ಅಂಕಿಗೆ ಹಿಗ್ಗಿಸಿ ಹೊಸ ವರದಿ ತೆಗೆದೆ. ಒಟ್ಟು ಕಿಲೊಗೆ ಕಿಲೊ ಸರಿ ಬಂತು. ಶಾಬ್ಬಾಸ್ ಅನ್ನುತ್ತಾನೆ ಎಂದು ಓಡಿದೆ. ಬಾಪುಸಾಹೇಬ ರಾವಸಾಹೇಬನ ಸಾಲಿನ ಮೇಲೆ ಬೆರಳಿಟ್ಟು ಬಾಗಿಲ ಕಡೆ ನೋಡಿದ.

"ಇದನ್ನ ಯಾರಿಗೆ ತೋರ್ಸಿ?"

"ಯಾರಿಗೂ ಇಲ್ರಿ."

"ಅವರ ನೋಂದಣಿ ಎಷ್ಟ ಎಕರೆ ಐತಿ ಗೊತ್ತೇನ? ಹನ್ನೊಂದು. ಹನ್ನೊಂದ ಎಕರೆದಾಗ ಸಾವಿರ ಟನ್ ಹೆಂಗ ಬೆಳಿತೈತಿ? ತನಿಖೆದವ್ರು ಈ ಕಾಗದಾ ನೋಡಿದ್ರ ನಾ ಏನ ಹೇಳ್ಲಿ? ಹಳೇದಽ ಇರ್ಲಿ. ಚುಕ್ಕಿ ಇದ್ರ ಯಾರೂ ಕೇಳಂಗಿಲ್ಲ."

ಎಲ್ಲರಿಗೂ ಗೊತ್ತಿದ್ದ ಸಂಗತಿ ನನಗೂ ಗೊತ್ತಿತ್ತು. ಅಂಕಿಯಲ್ಲಿ ಮಾತ್ರ ನೋಡಿರಲಿಲ್ಲ. ಇಲ್ಲಿ ಸಭಾಸದನಲ್ಲದವನ ಕಬ್ಬಿಗೆ ಕಡಿಯುವ ಪಾಳಿ ಸಿಗುವುದಿಲ್ಲ. ಆದ್ದರಿಂದ ಅರ್ಧ ಎಕರೆ, ಒಂದು ಎಕರೆಯವರು ತಮ್ಮ ಕಬ್ಬನ್ನು ಊರಿನ ದೊಡ್ಡ ಸಭಾಸದನ ಹೆಸರಿನಲ್ಲಿ ಕಳಿಸುತ್ತಾರೆ. ಕಾಟಾದ ಚೀಟಿಯ ಮುಂದೆ ಶಾಯಿಯಲ್ಲಿ ರಾವಸಾಹೇಬ, ಹಿಂದೆ ಪೆನ್ಸಿಲಿನಲ್ಲಿ ಬೆಳೆದವರ ಹೆಸರು. ಈ ಉಪಕಾರಕ್ಕೆ ಪ್ರತಿಯಾಗಿ ಅವನ ದ್ರಾಕ್ಷಿ ತೋಟದಲ್ಲಿ ಹದಿನೈದು ದಿನ ಬಿಟ್ಟಿ ಕೆಲಸ. ಹೆಚ್ಚು ಕಬ್ಬು ಕಳಿಸಿದ ಸಭಾಸದನೆಂದು ಪ್ರತಿ ವರ್ಷ ಶಾಲು ಹೊದೆಸಿಕೊಳ್ಳುವವನು ಮಾತ್ರ ರಾವಸಾಹೇಬ.

ಆ ಪೆನ್ಸಿಲ್ ಹೆಸರುಗಳಲ್ಲಿ ನನ್ನ ಅಕ್ಕನದೂ ಒಂದು.

15 ಜನವರಿ, ರವಿವಾರ

ಐನಾಪುರದಿಂದ ಸೈಕಲ್ ಮೇಲೆ ಶಿರಗುಪ್ಪಿಗೆ, ಸತ್ತೆಕ್ಕನ ಮನೆಗೆ ಹೋಗಿದ್ದೆ. ಅವಳ ಗಂಡ ಗುರಪ್ಪ ಮಾವ ರಾವಸಾಹೇಬನ ದ್ರಾಕ್ಷಿ ತೋಟಕ್ಕೆ ಹೋಗಿದ್ದ. ರವಿವಾರವೂ ಬಿಡುವಿಲ್ಲ.

ಈ ಅಕ್ಕ ನನಗೆ ಅವ್ವನಿಗಿಂತ ಹೆಚ್ಚು. ನಾನು ಚಿಕ್ಕೋಡಿಯ ಹಾಸ್ಟೆಲಿನಲ್ಲಿ ಓದುವಾಗ ಪ್ರತಿ ಗುರುವಾರ ರೊಟ್ಟಿ ಗಂಟು ಕಟ್ಟಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದಳು. ನಾಲ್ಕು ವರ್ಷ ಒಂದು ಗುರುವಾರವೂ ತಪ್ಪಲಿಲ್ಲ.

ಅಕ್ಕನ ಮುಖ ಬೆಳಗುತ್ತಿತ್ತು. ಮೂರು ಹಂಗಾಮು ಸತತವಾಗಿ ಕಬ್ಬು ಕಳಿಸಿದವರಿಗೆ ಸಭಾಸದತ್ವ ಕೊಡುತ್ತಾರೆಂದು ಕಾರ್ಖಾನೆ ಜಾಹೀರು ಮಾಡಿದೆಯಲ್ಲ, ಇದು ಅವಳ ಮೂರನೆಯ ಹಂಗಾಮು. ಅರ್ಜಿ ಕೊಟ್ಟಿದ್ದಾಳೆ. ಸಭಾಸದಳಾದರೆ ಸ್ವಂತ ಪಾಳಿ, ಸ್ವಂತ ಚೀಟಿ. ಹೋದ ವರ್ಷ ರಾವಸಾಹೇಬನ ಕಬ್ಬು ಪೂರಾ ಕಡಿದ ಮೇಲೆ ಏಪ್ರಿಲಿನಲ್ಲಿ ಇವಳ ಪಾಳಿ ಬಂದಿತ್ತು. ಅಷ್ಟೊತ್ತಿಗೆ ಕಬ್ಬು ಒಣಗಿ ಕಡ್ಡಿಯಾಗಿತ್ತು.

"ಹೆಸರ ನನ್ನ ಹೆಸರಽ ಆಗ್ಬೇಕ ನೋಡ ತಮ್ಮಾ. ಹೊಲ ನನ್ನ ಹೆಸರಿಗೆ ಐತಿ, ನೀರ ಹಾಯಿಸಾಕಿ ನಾನ, ಕಬ್ಬ ಯಾಕ ಅವ್ರದಾಗ್ಬೇಕು? ಒಮ್ಮೆ ಸಭಾಸದ ಆದ್ನಿ ಅಂದ್ರ ನಿಮ್ಮ ಮಾವಾ ಆ ತ್ವಾಟಕ್ಕ ಕಾಲ ಇಡಂಗಿಲ್ಲ."

ಮೂರು ವರ್ಷದ ಚೀಟಿಗಳನ್ನು ತೋರಿಸಿದಳು. ಪ್ರತಿಯೊಂದರ ಹಿಂದೆ ಕಾಟಾದ ಗುಮಾಸ್ತ ಮಲಕಾರಿ ಮಾಮಾನ ದುಂಡಗಿನ ಅಕ್ಷರ: ಸತ್ತೆವ್ವ ಗುರಪ್ಪ ಕಾಂಬಳೆ. ನಾನೇ ಕಂಪ್ಯೂಟರಿನವನು, ಕಾಳಜಿ ಬೇಡ ಅಂದೆ.

20 ಜನವರಿ, ಶುಕ್ರವಾರ

ಐದು ದಿನ ಊಟದ ಬಿಡುವಿನಲ್ಲಿ ಊಟ ಮಾಡಲಿಲ್ಲ. ಮಲಕಾರಿ ಮಾಮಾನಿಂದ ಚೀಟಿಗಳ ಕಾರ್ಖಾನೆ ಪ್ರತಿಗಳ ಕಟ್ಟುಗಳನ್ನು ತರಿಸಿ, ಹಿಂದಿನ ಪೆನ್ಸಿಲ್ ಹೆಸರುಗಳನ್ನು ಬೇರೆ ಫೈಲಿಗೆ ಏರಿಸಿದೆ.

"ನಾ ಬರದದ್ದು ಸುಳ್ಳಲ್ಲಪಾ," ಎಂದ ಮಲಕಾರಿ ಮಾಮಾ. "ಗಾಡಿ ಕಾಟಾದ ಮ್ಯಾಲ ನಿಂತಾಗ ಅವ್ರ ಮಾರಿ ನೋಡೇ ಬರದೇನಿ. ಯಾರ ಮುಂದ ಬೇಕಾದ್ರೂ ಹೇಳ್ತೀನಿ."

ಮೂವತ್ತೊಂದು ಜನ. ಅಕ್ಕನದು ಈ ಹಂಗಾಮು 31,480 ಕಿಲೊ. ಎಲ್ಲರದು ತೆಗೆದ ಮೇಲೆ ರಾವಸಾಹೇಬನ ಹೆಸರಿನಲ್ಲಿ ಉಳಿದದ್ದು ನಾಲ್ಕು ಲಕ್ಷದ ಮೂವತ್ತೆಂಟು ಸಾವಿರ. ಹನ್ನೊಂದು ಎಕರೆಗೆ ಹೇಳಿ ಮಾಡಿಸಿದಂಥ ಇಳುವರಿ.

ಮತ್ತೆ ಹಳೆಯ ಆರು ಅಂಕಿಯ ಜಾಗದಲ್ಲೇ ವರದಿ ಓಡಿಸಿದೆ. ಓವರ್‌ಫ್ಲೋ ಬರಲಿಲ್ಲ! ಮೂರು ಸಲ ಓಡಿಸಿದೆ, ಮೂರು ಸಲವೂ ಬರಲಿಲ್ಲ. ನಾನು ಇಟ್ಟ ಜಾಗ ಸರಿಯಾಗಿಯೇ ಇತ್ತು. ಅವರವರ ಕಬ್ಬು ಅವರವರ ಹೆಸರಿನಲ್ಲಿದ್ದರೆ ಆರು ಅಂಕಿ ಎಲ್ಲರಿಗೂ ಸಾಕಾಗಿ ಉಳಿಯುತ್ತದೆ. ಒಬ್ಬನ ಬಾಯಿಗೆ ಮೂವತ್ತೊಂದು ಜನರ ಕಬ್ಬು ತುರುಕಿದ್ದಕ್ಕೇ ಮಿಷಿನ್ ಕಾರಿಕೊಂಡದ್ದು. ಈ ಕಾರ್ಖಾನೆಯಲ್ಲಿ ನಾಚಿಕೆ ಇರುವುದು ಅದೊಂದಕ್ಕೇ.

ಇಷ್ಟು ಖುಷಿ ಡಿಗ್ರಿ ಬಂದಾಗಲೂ ಆಗಿರಲಿಲ್ಲ. ಸೋಮವಾರ ತೋರಿಸುತ್ತೇನೆ. ಏನು ಬೇಕಾದರೂ ಅನ್ನಲಿ.

23 ಜನವರಿ, ಸೋಮವಾರ

ತೋರಿಸಿದೆ. ಬಾಪುಸಾಹೇಬ ಬೈಯಲಿಲ್ಲ. ಕಾಗದವನ್ನು ನಾಲ್ಕಾಗಿ ಮಡಚಿ ಕಿಸೆಯಲ್ಲಿಟ್ಟುಕೊಂಡು, "ಶ್ಯಾಣ್ಯಾ ಅದಿ. ಪರ್ಮನಂಟ್ ಅರ್ಜಿ ಕೊಟ್ಟಿ ಅಲ್ಲಾ? ಸಂಚಾಲಕರ ಮುಂದ ಐತಿ," ಎಂದ. ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು.

25 ಜನವರಿ, ಬುಧವಾರ

ರಾವಸಾಹೇಬ ತಾನಾಗಿ ನನ್ನ ಕೋಣೆಗೆ ಬಂದ. ಕಂಪ್ಯೂಟರ್ ಕೋಣೆಗೆ ಧೂಳು ಬರಬಾರದೆಂದು ಎಲ್ಲರೂ ಚಪ್ಪಲಿ ಹೊರಗೆ ಬಿಡುವ ನಿಯಮ. ಅವನೂ ಬಿಟ್ಟ. ನಮ್ಮಪ್ಪ ಜೀವಮಾನವಿಡೀ ಅವರ ಅಂಗಳದಲ್ಲಿ ಬರಿಗಾಲಲ್ಲಿ ನಿಂತವನು. ಆ ಮನೆಯ ಯಜಮಾನ ಇವತ್ತು ನನ್ನ ಬಾಗಿಲಲ್ಲಿ ಚಪ್ಪಲಿ ಕಳಚಿದ. ಅದು ಮಿಷಿನ್ನಿಗಾಗಿ ಎಂದು ಗೊತ್ತು. ಆದರೂ ಎದೆ ಉಬ್ಬಿತು, ಸುಳ್ಳು ಯಾಕೆ ಬರೆಯಲಿ.

"ಜ್ಞಾನದೇವ, ನಿನ್ನ ಲೆಕ್ಕಾ ಖರೇನಽ ಐತಪಾ. ನಾ ಇಲ್ಲ ಅನ್ನಂಗಿಲ್ಲ. ಆದ್ರ ಹಿಂದಿನಿಂದ ನಡಕೋತ ಬಂದೈತಿ. ಒಮ್ಮಿಂದೊಮ್ಮೆ ತೆಗದ್ರ ಆ ಗರೀಬರ ಕಬ್ಬಿಗೆ ಪಾಳಿ ಕೊಡಾವ್ರು ಯಾರು? ಹೊಲದಾಗಽ ಒಣಗತೈತಿ. ನೀ ಮುಂದಿನ ವರ್ಷ ತಿದ್ದು. ಈ ವರ್ಷ ಸಂಚಾಲಕರ ಇಲೆಕ್ಷನ್ ಐತಿ. ಚುಕ್ಕಿ ಬರಬಾರ್ದು, ಶೂನ್ಯ ಬರಬಾರ್ದು, ಆ ದೊಡ್ಡ ಅಂಕಿನೂ ಬರಬಾರ್ದು. ಏನರೆ ಟೆಕ್ನಿಕಲ್ ಮಾಡು."

ಅವನು ಹೇಳಿದ್ದರಲ್ಲಿ ಒಂದು ಮಾತು ನಿಜ. ಪಾಳಿ ಇಲ್ಲದೆ ಕಬ್ಬು ಒಣಗುತ್ತದೆ. ಅಕ್ಕನ ಕಬ್ಬು ಒಣಗಿದ್ದನ್ನು ನಾನೇ ನೋಡಿದ್ದೇನೆ. ಅದನ್ನು ಒಣಗಿಸಿದವನು ಯಾರು ಎಂದು ಕೇಳಬೇಕಿತ್ತು. ಆ ಹೊತ್ತಿಗೆ ನೆನಪಾಗಲಿಲ್ಲ.

30 ಜನವರಿ, ಸೋಮವಾರ

ಒಂದು ದಾರಿ ಹೊಳೆದಿದೆ. ರಾವಸಾಹೇಬರ ಮನೆಯಲ್ಲಿ ಇನ್ನೂ ಮೂವರು ಸಭಾಸದರಿದ್ದಾರೆ: ಹೆಂಡತಿ ಗಿರಿಜವ್ವ, ತಾಯಿ ಶಿವಗಂಗವ್ವ, ತಮ್ಮ ವಿರುಪಾಕ್ಷಪ್ಪ. ಒಟ್ಟು ತೂಕವನ್ನು ನಾಲ್ಕು ಹೆಸರಿಗೆ ಹಂಚಿದರೆ ಯಾರದೂ ಆರು ಅಂಕಿ ದಾಟುವುದಿಲ್ಲ. ಫೈಲಿನ ರಚನೆ ಬದಲಿಸಬೇಕಿಲ್ಲ, ಕಾಗದದಲ್ಲೂ ಕೂರುತ್ತದೆ. ಒಟ್ಟು ಕಾಟಾಕ್ಕೆ ಹೊಂದುತ್ತದೆ.

ಶಿವಗಂಗವ್ವನಿಗೆ ಎಂಬತ್ತೆರಡು. ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದಾಳೆ. ಇವತ್ತು ಮಧ್ಯಾಹ್ನ ಅರ್ಧ ಗಂಟೆಯಲ್ಲಿ ಇನ್ನೂರು ಟನ್ ಕಬ್ಬು ಬೆಳೆದಳು. ಬರೆಯುವಾಗ ನಗು ಬಂತು, ಆಮೇಲೆ ಬಾಯಿ ಕಹಿ ಆಯಿತು.

ಪೆನ್ಸಿಲ್ ಫೈಲನ್ನು ಅಳಿಸಿಲ್ಲ. ಅದು ಇದ್ದೇ ಇರುತ್ತದೆ. ಅಕ್ಕನ ಅರ್ಜಿ ಬಂದಾಗ ಅದರಿಂದ ತೋರಿಸಿದರಾಯಿತು.

11 ಫೆಬ್ರವರಿ, ಶನಿವಾರ

ವರದಿ ಸುಗಮ. ಬಾಪುಸಾಹೇಬರು ಎಲ್ಲರೆದುರು, "ನಮ್ಮ ಜ್ಞಾನದೇವ ಇಲ್ದಿದ್ರ ಈ ಹಂಗಾಮ ದಾಟ್ತಿದ್ದಿಲ್ಲ," ಎಂದರು. ಅದೇ ಹನ್ನೆರಡು ಜನ ಈ ಸಲ ತಲೆ ಎತ್ತಿದರು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಸತ್ತೆಕ್ಕ ಸಿಕ್ಕಳು. ಅರ್ಜಿ ಏನಾಯಿತು ಎಂದಳು. ಪ್ರಕ್ರಿಯೆಯಲ್ಲಿದೆ ಅಂದೆ. ಪ್ರಕ್ರಿಯೆ ಅಂದ್ರೇನು ಅಂದಳು. ಬಸ್ ಬಂತು.

20 ಫೆಬ್ರವರಿ, ಸೋಮವಾರ

ಆರ್ಡರ್ ಬಂತು! ಒಂದನೇ ತಾರೀಕಿನಿಂದ ಪರ್ಮನಂಟ್. ಹುದ್ದೆಯ ಹೆಸರು ಗಣಕ ಸಹಾಯಕ. ಅವ್ವ ಊರೆಲ್ಲ ಫುಟಾಣಿ ಸಕ್ಕರೆ ಹಂಚಿದಳು. ಸತ್ತೆಕ್ಕನೂ ಬಂದಿದ್ದಳು, ನನ್ನ ಕೆನ್ನೆ ಸವರಿ ಲಟಿಕೆ ಮುರಿದಳು. ಅರ್ಜಿಯ ವಿಷಯ ಎತ್ತಲಿಲ್ಲ. ಒಳ್ಳೆಯ ದಿನ ಹಾಳಾಗಬಾರದೆಂದು ನಾನೂ ಎತ್ತಲಿಲ್ಲ.

2 ಮಾರ್ಚ್, ಗುರುವಾರ

ಮಲಕಾರಿಯನ್ನು ಕಾಟಾದಿಂದ ತೆಗೆದು ಬಗಾಸದ, ಅಂದರೆ ಹಿಂಡಿದ ಕಬ್ಬಿನ ಸಿಪ್ಪೆಯ, ಅಂಗಳಕ್ಕೆ ಹಾಕಿದ್ದಾರೆ. ಚೀಟಿಯ ಹಿಂದೆ ಏನೂ ಬರೆಯಬಾರದೆಂದು ಸುತ್ತೋಲೆಯೂ ಬಂದಿದೆ. ನನ್ನ ಹತ್ತಿರ ಬಂದು, "ನೀ ಎಲ್ಲಾ ಏರಿಸಿ ಇಟ್ಟಿಯಲ್ಲಪಾ, ಅದನ್ನರೆ ಸಂಚಾಲಕರಿಗೆ ತೋರ್ಸು," ಎಂದ. ನಾನು ಈಗ ಜವಾಬ್ದಾರಿಯ ಹುದ್ದೆಯಲ್ಲಿದ್ದೇನೆ, ಹೀಗೆ ಕೋಣೆಗೆ ನುಗ್ಗಿ ಮಾತಾಡುವುದು ಸರಿಯಲ್ಲ. ಬಗಾಸದ ಧೂಳು ಮೈತುಂಬ ಇತ್ತು. ಮಿಷಿನ್ನಿಗೆ ಒಳ್ಳೆಯದಲ್ಲ ಎಂದು ಹೊರಗೆ ಕಳಿಸಿದೆ.

9 ಮಾರ್ಚ್, ಗುರುವಾರ

ಡಿಸ್ಕಿನಲ್ಲಿ ಜಾಗ ಸಾಲುತ್ತಿಲ್ಲ. ಉಪಯೋಗವಿಲ್ಲದ ಫೈಲುಗಳನ್ನು ಅಳಿಸಿದೆ, ಒಟ್ಟು ಹದಿನೇಳು. ಪೆನ್ಸಿಲ್ ಫೈಲು ಸಹ. ಫ್ಲಾಪಿಯಲ್ಲಿದ್ದ ಪ್ರತಿಯ ಮೇಲೆ ಹಾಜರಿ ಪಟ್ಟಿ ತುಂಬಿದೆ. ಮಿಷಿನ್ ಈಗ ಚುರುಕಾಗಿದೆ.

13 ಮಾರ್ಚ್, ಸೋಮವಾರ

ಸಭಾಸದತ್ವದ ಅರ್ಜಿಗಳ ಯಾದಿ ತಯಾರು. ಷರತ್ತು ಸರಳ: ಮೂರು ಹಂಗಾಮು ಸ್ವಂತ ಹೆಸರಿನಲ್ಲಿ ಕಬ್ಬು. ಒಟ್ಟು ಅರ್ಜಿ 212, ಮಂಜೂರು 47, ತಿರಸ್ಕೃತ 165. ಶಿರಗುಪ್ಪಿಯ ಮೂವತ್ತೊಂದೂ ತಿರಸ್ಕೃತ. ಕ್ರಮಾಂಕ 117, ಸತ್ತೆವ್ವ ಗುರಪ್ಪ ಕಾಂಬಳೆ, ಕಬ್ಬು 0.

ಒಂದೇ ಸಲಕ್ಕೆ ಓಡಿತು. ಒಂದು ದೋಷವೂ ಬರಲಿಲ್ಲ.

15 ಮಾರ್ಚ್, ಬುಧವಾರ

ಯಾದಿಯನ್ನು ಗೋಡೆಗೆ ಅಂಟಿಸಿದಾಗಿನಿಂದ ನನ್ನ ಕಿಟಕಿಯ ಮುಂದೆ ಒಂದೇ ಗದ್ದಲ. ಜನರಿಗೆ ತಿಳಿವಳಿಕೆ ಇಲ್ಲ. ಮಿಷಿನ್ ತಪ್ಪು ಮಾಡುವುದಿಲ್ಲ ಎಂದು ನೂರು ಸಲ ಹೇಳಿ ಗಂಟಲು ಬಿದ್ದಿದೆ.

ಹನ್ನೊಂದರ ಸುಮಾರಿಗೆ ಸತ್ತೆವ್ವ ಬಂದಳು. ಎಲ್ಲರ ಮುಂದೆ ತಮ್ಮಾ ಎಂದು ಕರೆದಳು, ಮುಜುಗರವಾಯಿತು. ಚೀಟಿಗಳ ಗಂಟನ್ನು ಕಿಟಕಿಯ ಕಟ್ಟೆಯ ಮೇಲೆ ಬಿಚ್ಚಿದಳು.

"ನಂದೆಷ್ಟ ಬರದೈತಿ ಓದು."

"ಶೂನ್ಯ ಐತಿ."

"ಚೀಟಿ ಹಿಂದ ಹೆಸರೈತಲ್ಲೋ?"

"ಪೆನ್ಸಿಲ್ ನಡ್ಯಾಂಗಿಲ್ಲ. ಮಿಷಿನ್‌ದಾಗ ಏನೈತಿ ಅದಽ ಖರೆ."

"ಮಿಷಿನ್‌ದಾಗ ಹಾಕಾವ್ರು ಯಾರು?"

ಹಿಂದೆ ಇಪ್ಪತ್ತು ಜನ ನಿಂತಿದ್ದರು, ಒಬ್ಬೊಬ್ಬರ ಪ್ರಶ್ನೆಗೂ ಉತ್ತರ ಕೊಡುತ್ತ ಕೂರಲು ಆಗುತ್ತದೆಯೇ? ಅವಳು ನನ್ನ ಮುಖ ನೋಡಿದಳು, ಆಮೇಲೆ ಚೀಟಿಗಳನ್ನು ಒಂದೊಂದಾಗಿ ಜೋಡಿಸಿ ಕಟ್ಟಿದಳು. "ಆತ ಬಿಡು. ಕೈ ಕೆಳಗಿನಾಂವ, ನೀನರೆ ಏನ ಮಾಡ್ತಿ," ಎಂದಳು. ಅಷ್ಟು ಅರ್ಥ ಮಾಡಿಕೊಂಡಳಲ್ಲ ಎಂದು ಹಗುರವಾಯಿತು.

ಹೊಲವನ್ನು ರಾವಸಾಹೇಬರಿಗೇ ಪಾಲಿಗೆ ಹಾಕುತ್ತಾರಂತೆ. ಮುಂದಿನ ಹಂಗಾಮಿಗೆ ಗಂಡ ಹೆಂಡತಿ ಇಬ್ಬರೂ ಕಬ್ಬು ಕಡಿಯುವ ಟೋಳಿಗೆ ಸೇರುತ್ತಾರಂತೆ. ಟೋಳಿಯ ಯಾದಿಯೂ ನನ್ನ ಹತ್ತಿರವೇ ಇದೆ.

"ಅದರಾಗರೆ ನನ್ನ ಹೆಸರ ಬರಿತೈತೇನೋ ನಿನ್ನ ಮಿಷಿನ್?"

ಟೋಳಿಯಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ಕೊಯ್ತಾ, ಅಂದರೆ ಒಂದು ಕುಡುಗೋಲು, ಎಂದು ಲೆಕ್ಕ, ಬರೆಯುವುದು ಗಂಡನ ಹೆಸರು. ಹೆಂಗಸಿನ ಹೆಸರಿಗೆ ಆ ಫೈಲಿನಲ್ಲಿ ಕಾಲಮ್ಮೇ ಇಲ್ಲ. ಅದನ್ನೆಲ್ಲ ವಿವರಿಸಲು ಹೊತ್ತಿರಲಿಲ್ಲ. ಬೇರೆಯವರಾದರೆ ನಾಳೆ ಬಾ ಎನ್ನುತ್ತಿದ್ದೆ. ಅವಳದನ್ನು ಅಲ್ಲೇ, ಆಗಲೇ ಹಾಕಿಕೊಟ್ಟೆ: ಗುರಪ್ಪ ಕಾಂಬಳೆ, ಕೊಯ್ತಾ 1.

"ಬಂತೇನ? ಎಲ್ಲೈತಿ ತೋರ್ಸು," ಎಂದು ಕಿಟಕಿಯ ಸರಳಿಗೆ ಹಣೆ ಹಚ್ಚಿದಳು. ಪರದೆಯ ಮೇಲೆ ಎಲ್ಲ ಇಂಗ್ಲಿಷ್ ಅಕ್ಷರ. ಗುರಪ್ಪನ ಹೆಸರಿನ ಮೇಲೆ ಬೆರಳಿಟ್ಟು, ಇದಽ ಅಂದೆ.

ಬಹಳ ಹೊತ್ತು ನೋಡಿದಳು. "ಚಂದ ಬಂದೈತಿ," ಎಂದಳು.

ಅವಳಿಗೆ ಅಷ್ಟಾದರೂ ಮಾಡಿಕೊಟ್ಟ ಸಮಾಧಾನ ಇದೆ.